ಆನೆ, ಕತ್ತೆ ಮತ್ತು ನಾನಿಲ್ಲದ ಗ್ರಾಫು

ತರಗತಿಯ ಪರದೆಯ ಮೇಲೆ ಒಂದು ಆನೆಯೂ ಒಂದು ಕತ್ತೆಯೂ ಒಂದೇ ಕಂಬಳಿಯನ್ನು ಹಿಡಿದು ಜಗ್ಗಾಡುತ್ತಿದ್ದವು. ಆನೆ ಕೋಟು ತೊಟ್ಟಿತ್ತು, ಕತ್ತೆ ಟೈ ಕಟ್ಟಿತ್ತು. ಅವುಗಳ ನಡುವೆ ಹಾಸಿಗೆಯಲ್ಲಿ ನಕ್ಷತ್ರದ ಟೋಪಿ ಹಾಕಿಕೊಂಡ ಬಡಕಲು ಮುದುಕನೊಬ್ಬ ಮುದುಡಿ ಮಲಗಿದ್ದ. ನನ್ನ ಸುತ್ತ ಕೂತವರೆಲ್ಲ ಗೊಳ್ಳೆಂದು ನಕ್ಕರು. ಧಾರವಾಡದ ಪದವಿಪೂರ್ವ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ರಾಜ್ಯಶಾಸ್ತ್ರ ಕಲಿಸಿದ ನಾನೊಬ್ಬಳೇ ಮಿಕಿಮಿಕಿ ನೋಡುತ್ತ ಕೂತಿದ್ದೆ.

ಆನೆಯೆಂದರೆ ಇಲ್ಲಿಯ ಒಂದು ಪಕ್ಷ, ಕತ್ತೆಯೆಂದರೆ ಇನ್ನೊಂದು, ಮುದುಕನೆಂದರೆ ದೇಶ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಎಷ್ಟೋ ವರ್ಷ ಮಕ್ಕಳಿಗೆ ನೋಟ್ಸಿನಲ್ಲಿ ಬರೆಸಿದ್ದೇನೆ. ಆದರೆ ಬರೆಸುವುದು ಬೇರೆ, ನಗು ಬರುವುದು ಬೇರೆ. ನಮ್ಮ ಕಡೆ ಯಾರನ್ನಾದರೂ ಕತ್ತೆ ಎಂದರೆ ಆ ಮನೆಯ ಜೊತೆ ಮಾತೇ ನಿಂತುಹೋಗುತ್ತದೆ. ಇಲ್ಲಿ ಜನ ಅದನ್ನೇ ಬಿಲ್ಲೆ ಮಾಡಿ ಎದೆಗೆ ಚುಚ್ಚಿಕೊಂಡು ತಿರುಗುತ್ತಾರೆ. ಅಂದು ಸಂಜೆ ಬಸ್ಸಿನಲ್ಲಿ ಮನೆಗೆ ಬರುವಾಗ, ಸುಮ್ಮನೆ ಊರಲ್ಲೇ ಇದ್ದಿದ್ದರೆ ಏನು ಕಳೆದುಹೋಗುತ್ತಿತ್ತು ಎಂದು ಅನಿಸಿದ್ದು ನಿಜ.

ನಾವು ಅಮೆರಿಕಕ್ಕೆ ಬಂದದ್ದು ನನ್ನ ಅಕ್ಕ ಹಾಕಿದ ಅರ್ಜಿಯಿಂದ. ಕ್ಯುಪರ್ಟಿನೋದಲ್ಲಿ ಹಲ್ಲಿನ ಡಾಕ್ಟರಾಗಿರುವ ಅವಳು ತಂಗಿಯನ್ನು ಕರೆಸಿಕೊಳ್ಳುತ್ತೇನೆಂದು ಅರ್ಜಿ ಹಾಕಿದಾಗ ಅವಳ ಮಗ ಅಂಬೆಗಾಲಿಡುತ್ತಿದ್ದ. ನಮ್ಮ ಸರದಿ ಬರುವ ಹೊತ್ತಿಗೆ ಅವನು ಕಾರು ಓಡಿಸುತ್ತಿದ್ದ. ಅರ್ಜಿ ಹಾಕಿದ್ದನ್ನು ನಾವು ಮರೆತೇಬಿಟ್ಟಿದ್ದೆವು. ಕರೆ ಬಂದಾಗ ನನ್ನ ಗಂಡ ಶ್ರೀಪಾದ ಬ್ಯಾಂಕಿನಿಂದ ನಿವೃತ್ತರಾಗಿ ಮನೆಯಲ್ಲಿ ಬೇಸರಪಟ್ಟುಕೊಂಡು ಕೂತಿದ್ದರು. ನಮಗೆ ಮಕ್ಕಳಿಲ್ಲ. "ಹೋಗಿ ನೋಡೋಣಲ್ಲ, ಸೇರಲಿಲ್ಲ ಅಂದ್ರ ತಿರುಗಿ ಬರೋದು" ಎಂದರು. ಮಕ್ಕಳ ಶಾಲೆಗೆಂದು ಕ್ಯುಪರ್ಟಿನೋಗೆ ಮುಗಿಬೀಳುವವರ ನಡುವೆ ನಮಗೇನು ಕೆಲಸ ಎಂದು ಸ್ಯಾನ್ ಮಟಿಯೋದಲ್ಲಿ ಒಂದೇ ಮಲಗುವ ಕೋಣೆಯ ಅಪಾರ್ಟ್‌ಮೆಂಟು ಹಿಡಿದೆವು. ಶ್ರೀಪಾದರಿಗೆ ಹಾರ್ಡ್‌ವೇರ್ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸ ಸಿಕ್ಕಿತು. ಮೊಳೆ, ಬೀಗ, ನಲ್ಲಿ ಮಾರುತ್ತ ಅವರು ತಿಂಗಳೊಳಗೆ ಅರ್ಧ ಊರಿಗೆ ಪರಿಚಯದವರಾದರು.

ನನಗೆ ಮಾತ್ರ ಕಲಿಸುವುದೊಂದನ್ನು ಬಿಟ್ಟು ಬೇರೆ ಏನೂ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಇಲ್ಲಿಯ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಬೇಕಾದರೆ ಪರವಾನಗಿ ಬೇಕು. ನನ್ನ ಪದವಿಗಳನ್ನು ಒಪ್ಪಿಕೊಂಡರು, ಆದರೆ ಅಮೆರಿಕದ ಸರ್ಕಾರ ಮತ್ತು ಸಂವಿಧಾನದ ಒಂದು ಕೋರ್ಸನ್ನು ಇಲ್ಲೇ ಓದಿ ಪಾಸಾಗಬೇಕೆಂದರು. ಅದಕ್ಕಾಗಿ ಕಮ್ಯುನಿಟಿ ಕಾಲೇಜು ಸೇರಿದೆ. ವಯಸ್ಸಿನ ಕಟ್ಟುಪಾಡಿಲ್ಲದೆ ಯಾರು ಬೇಕಾದರೂ ಸೇರಬಹುದಾದ ಕಾಲೇಜದು. ಪಕ್ಕದ ಕುರ್ಚಿಯಲ್ಲಿ ಹದಿನೆಂಟರ ಹುಡುಗಿ, ಹಿಂದೆ ಅಗ್ನಿಶಾಮಕ ದಳದಿಂದ ನಿವೃತ್ತನಾದವನು, ಮುಂದೆ ಸದಾ ಸ್ವೆಟರಿನ ಟೋಪಿಯನ್ನು ತಲೆಗೆ ಮುಸುಕಿನಂತೆ ಎಳೆದುಕೊಂಡು ಕೂರುವ ಟೈಲರ್ ಎಂಬ ಕಾಫಿ ಅಂಗಡಿಯ ತರುಣ. ಪಾಠ ಮಾಡುವವರ ಹೆಸರು ಡಾನಾ. ಅವರನ್ನು ಎಲ್ಲರೂ "ಡಾನಾ" ಎಂದೇ ಕರೆಯುತ್ತಿದ್ದರು. ನನಗೆ ನಾಲಿಗೆ ಹೊರಳದೆ "ಮ್ಯಾಡಂ ಡಾನಾ" ಎಂದುಬಿಟ್ಟೆ, ಆ ಹೆಸರು ತರಗತಿಯಲ್ಲಿ ನಿಂತೇಬಿಟ್ಟಿತು.

ಡಾನಾ ಪುಸ್ತಕದಿಂದ ಪಾಠ ಮಾಡುತ್ತಿದ್ದುದು ಕಡಿಮೆ. ವಾರಕ್ಕೊಂದು ವ್ಯಂಗ್ಯಚಿತ್ರ, ಒಂದು ಗ್ರಾಫು. ಅವನ್ನು ಓದಿ ಅರ್ಥ ಬರೆದು ತರಬೇಕು. ಕಂಬಳಿಯ ಚಿತ್ರಕ್ಕೆ ಒಂದು ಪುಟ ಸಾಕೆಂದಿದ್ದರು, ನಾನು ಮೂರು ಪುಟ ಬರೆದೆ. ಅಧಿಕಾರ ವಿಭಜನೆಯ ವ್ಯಾಖ್ಯೆ, ದ್ವಿಪಕ್ಷ ಪದ್ಧತಿಯ ಗುಣಗಳು, ದೋಷಗಳು, ಉಪಸಂಹಾರ, ಎಲ್ಲ ತಲೆಬರಹಗಳ ಕೆಳಗೂ ಸ್ಕೇಲಿಟ್ಟು ಎಳೆದ ಗೆರೆ. ನಮ್ಮ ಮೌಲ್ಯಮಾಪನ ಕೇಂದ್ರದಲ್ಲಿ ಅಂಥ ಉತ್ತರ ಪತ್ರಿಕೆ ಸಿಕ್ಕಿದ್ದರೆ ಪಕ್ಕದವರಿಗೆ ತೋರಿಸಿ ಪೂರ್ತಿ ಅಂಕ ಕೊಡುತ್ತಿದ್ದೆವು. ಡಾನಾ ಅನುತ್ತೀರ್ಣದ ದರ್ಜೆ ಕೊಟ್ಟು ಕೆಳಗೆ ಒಂದೇ ಸಾಲು ಬರೆದಿದ್ದರು: "ನಿಮಗೆ ಬಹಳ ಗೊತ್ತಿದೆ, ಆದರೆ ನೀವು ಚಿತ್ರವನ್ನು ನೋಡಿಲ್ಲ."

ಸಿಟ್ಟು ನೆತ್ತಿಗೇರಿತು. ಮುಂದಿನ ವಾರ ಇನ್ನೂ ಹೆಚ್ಚು ಬರೆದೆ. ಮತ್ತೆ ಅದೇ ದರ್ಜೆ. ಆಗ ಹಾಳೆ ಹಿಡಿದುಕೊಂಡು ಅವರ ಕೋಣೆಗೇ ಹೋದೆ. ನಮ್ಮಿಬ್ಬರ ಇಂಗ್ಲಿಷ್ ಮಾತನ್ನು ಕನ್ನಡದಲ್ಲಿ ಹೇಳುತ್ತೇನೆ.

"ನಾನು ಬರೆದದ್ದರಲ್ಲಿ ತಪ್ಪೇನಿದೆ, ತೋರಿಸಿ."

"ಏನೂ ಇಲ್ಲ. ಕಂಬಳಿಯ ಚಿತ್ರದಲ್ಲಿ ಮುದುಕನ ಕಾಲಿಗೆ ಚಪ್ಪಲಿ ಇತ್ತೇ?"

ನಾನು ನನ್ನ ಹಾಳೆಗಳನ್ನು ತಿರುವಿ ನೋಡಿದೆ.

"ಒಂದು ಕಾಲಿಗಿತ್ತು, ಇನ್ನೊಂದಕ್ಕಿರಲಿಲ್ಲ. ಇನ್ನೊಂದು ಚಪ್ಪಲಿ ಆನೆಯ ಜೇಬಿನಲ್ಲಿತ್ತು. ಜನ ನಕ್ಕದ್ದು ಅದಕ್ಕೆ," ಎಂದರು ಡಾನಾ. "ಇವತ್ತಿನ ಮಕ್ಕಳು ಓಟು ಹಾಕುವ ಮುಂಚೆ ಇಂಥ ಸಾವಿರ ಚಿತ್ರ ನೋಡುತ್ತಾರೆ, ವಿಜಯಾ. ಅವರಿಗೆ ಕಲಿಸಬೇಕೆಂದಿದ್ದೀರಿ. ಮೊದಲು ಕಂಡದ್ದನ್ನು ಹೇಳಿ. ಗೊತ್ತಿದ್ದದ್ದನ್ನು ಆಮೇಲೆ ಹೇಳಿ."

ಇನ್ನು ಎರಡು ಸಲ ಹೀಗೇ ಆದರೆ ಕೋರ್ಸು ಹೋಯಿತು, ಅದರ ಜೊತೆಗೆ ಪರವಾನಗಿಯೂ ಹೋಯಿತು. ಶಾಲಾ ಬಸ್ಸುಗಳು ಹೋಗುವಾಗ ಬಾಲ್ಕನಿಯಲ್ಲಿ ನಿಂತು ನೋಡುವುದೇ ನನ್ನ ಉದ್ಯೋಗವಾಗಬೇಕು. ಅದು ನನ್ನಿಂದ ಆಗದ ಮಾತು.

ಅಂದು ಸಂಜೆ ಜೋಳದ ರೊಟ್ಟಿ ತಟ್ಟಿ ಮುಗಿಸಿ, ಶ್ರೀಪಾದರನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿದೆ. ಕೈಗೆ ಪೆನ್ಸಿಲು ಕೊಟ್ಟು, ನಾನು ಒಂದು ವ್ಯಂಗ್ಯಚಿತ್ರವನ್ನು ಅವರಿಗೆ ಕಾಣದಂತೆ ಹಿಡಿದುಕೊಂಡೆ. ನಾನು ಬಾಯಲ್ಲಿ ಹೇಳಬೇಕು, ಅವರು ನೋಡದೆ ಚಿತ್ರ ಬರೆಯಬೇಕು.

"ಒಂದು ಆನಿ ನಿಂತದ," ಎಂದೆ.

"ಎಡಕ್ಕ ಮಾರಿ ಮಾಡೇದೋ, ಬಲಕ್ಕೋ?"

ಚಿತ್ರವನ್ನು ನೋಡಬೇಕಾಯಿತು. "ಬಲಕ್ಕ. ಮುಂದ ಒಂದು ಮೈಕು ಅದ. ಭಾಷಣ ಮಾಡ್ಲಿಕತ್ತದ."

"ಬಾಯಿ ತೆರದದೇನು?"

ಮತ್ತೆ ನೋಡಿದೆ. ಬಾಯಿ ಮುಚ್ಚಿತ್ತು. ಮೈಕಿನ ವೈರು ಎಲ್ಲಿಗೂ ಜೋಡಿಸಿರಲಿಲ್ಲ, ನೆಲದ ಮೇಲೆ ಸುಮ್ಮನೆ ಬಿದ್ದಿತ್ತು. ಕೇಳುವವರ ಕುರ್ಚಿಗಳೆಲ್ಲ ಖಾಲಿ. ಇಷ್ಟು ಹೊತ್ತು ಕೈಯಲ್ಲಿ ಹಿಡಿದಿದ್ದ ಚಿತ್ರವನ್ನು ನಾನು ನೋಡಿಯೇ ಇರಲಿಲ್ಲ. ಅವರು ಬರೆದ ಆನೆ ಸೊಂಡಿಲಿದ್ದ ಹಂದಿಯ ಹಾಗಿತ್ತು. "ಇದು ಯಾವ ಪಕ್ಷದ್ದು?" ಎಂದು ಕೇಳಿದೆ. "ಹೊಸಾದು, ಇನ್ನೂ ನೋಂದಣಿ ಆಗಿಲ್ಲ" ಎಂದರು. ಈ ದೇಶಕ್ಕೆ ಬಂದ ಮೇಲೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅದೇ ಮೊದಲು.

ಆಮೇಲೆ ದಿನಾ ಅದೇ ಆಟ. ಚುನಾವಣೆಯ ಕಾಲವಾದ್ದರಿಂದ ಸಾಮಾನು ಹುಡುಕಿಕೊಂಡು ಹೋಗುವ ಕಷ್ಟವಿರಲಿಲ್ಲ. ಧಾರವಾಡದಲ್ಲಿ ಚುನಾವಣೆಯೆಂದರೆ ಜೀಪು, ಧ್ವನಿವರ್ಧಕ, ಕಿವಿಗೆ ಬಿಡುವಿಲ್ಲ. ಇಲ್ಲಿ ಬೀದಿ ತಣ್ಣಗಿರುತ್ತದೆ, ಅಂಚೆಪೆಟ್ಟಿಗೆ ಮಾತ್ರ ಮಿರುಗುವ ಕಾಗದಗಳಿಂದ ಉಬ್ಬಿಕೊಂಡಿರುತ್ತದೆ. ಕಾಗದಕ್ಕೊಂದು ಗ್ರಾಫು. ಒಂದೇ ತೆರಿಗೆಯ ಬಗ್ಗೆ ಎರಡು ಕಡೆಯವರೂ ಕಳಿಸಿದ್ದರು. ಒಂದರಲ್ಲಿ ಗೆರೆ ಗುಡ್ಡ ಹತ್ತಿದ ಹಾಗೆ ಏರಿತ್ತು, ಇನ್ನೊಂದರಲ್ಲಿ ನೆಲಕ್ಕೆ ಚಾಪೆ ಹಾಸಿದ ಹಾಗೆ ಮಲಗಿತ್ತು. ಅಂಕಿಗಳನ್ನು ಹೋಲಿಸಿದರೆ ಎರಡೂ ಒಂದೇ. ಏರಿದ ಗ್ರಾಫಿನ ಎಡಗಡೆಯ ಅಳತೆ ಸೊನ್ನೆಯಿಂದ ಶುರುವಾಗಿರಲಿಲ್ಲ, ಅಷ್ಟೇ. ಬ್ಯಾಂಕಿನಲ್ಲಿ ಜೀವ ತೇಯ್ದ ಶ್ರೀಪಾದರು ಅದನ್ನು ನೋಡಿ, "ಸುಳ್ಳು ಒಂದೂ ಬರದಿಲ್ಲ ನೋಡು, ಆದರೂ ಮಂದೀನ್ನ ಹೆದರಿಸ್ಯಾನ" ಎಂದು ಮೆಚ್ಚಿಕೊಂಡರು. ಈ ಸಲ ಒಂದೇ ಪುಟ ಬರೆದು ಕೊಟ್ಟೆ. ಪಾಸಾದೆ. ಅದರ ಮುಂದಿನದರಲ್ಲಿ ಇನ್ನೂ ಒಳ್ಳೆಯ ದರ್ಜೆ ಬಂತು.

ಗೆದ್ದೆನೆಂದು ಒಂಟಿತನ ಹೋಗಲಿಲ್ಲ. ಹಗಲೆಲ್ಲ ಮನೆಯಲ್ಲಿ ಒಬ್ಬಳೇ. ಫ್ರೀವೇಯ ಮೇಲೆ ಹರಿಯುವ ಕಾರುಗಳ ಮೊರೆತವೊಂದು ಬಿಟ್ಟರೆ ಮನುಷ್ಯರ ಸದ್ದಿಲ್ಲ. ಮೇಲಿನ ಮಹಡಿಯಲ್ಲಿ ಮಂಗಳೂರಿನ ಐರಿನ್ ಬಾಯಿ ಇದ್ದಾರೆ, ಆಸ್ಪತ್ರೆಯಲ್ಲಿ ನರ್ಸು. ಮನೆಮಾತು ಕೊಂಕಣಿ, ನನ್ನ ಜೊತೆ ಕನ್ನಡ. ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕಾಗ ನನಗೆ ಹಬ್ಬ. ಅವರು ಇಲ್ಲಿಯ ಪ್ರಜೆಯಾಗಿ ಬಹಳ ವರ್ಷವಾಗಿದೆ. ಇಲ್ಲಿ ಮೊದಲ ಸಲ ಓಟು ಹಾಕಿದಾಗ ಹೇಗನಿಸಿತು ಎಂದು ಕೇಳಿದೆ.

"ಎಂತದೂ ಅನಿಸ್ಲಿಲ್ಲ ಮಾರಾಯ್ರೆ," ಎಂದರು. "ಲಕೋಟೆ ಮನೆಗೇ ಬರ್ತದೆ. ಊಟದ ಮೇಜಲ್ಲಿ ಕೂತು ಗುರ್ತು ಹಾಕಿದೆ, ಅಂಚೆಗೆ ಹಾಕಿದೆ. ಸಾಲಿಲ್ಲ, ಬೆರಳಿಗೆ ಶಾಯಿ ಇಲ್ಲ. ಓಟು ಹಾಕಿದ್ದು ಹೌದಾ ಅಂತ ನನಗೇ ಡೌಟು."

"ಊರಿನ ಪಾಸ್‌ಪೋರ್ಟು?"

"ಅದು ಕೊಡ್ಬೇಕಾಗ್ತದೆ ಅಲ್ವಾ? ರದ್ದು ಅಂತ ಸೀಲು ಹೊಡೆದು ವಾಪಸ್ ಕೊಟ್ರು. ಆವತ್ತು ಮಾತ್ರ ಕೂಗಿದೆ ನಾನು."

ಕೂಗುವುದೆಂದರೆ ಅವರ ಕಡೆ ಅಳುವುದು. ಡ್ರೈಯರಿನಿಂದ ಬಿಸಿ ಬಟ್ಟೆ ತೆಗೆದು ಮಡಚುತ್ತ ಅವರು ಬೇರೆ ಮಾತಿಗೆ ಹೋದರು. ನಾನು ಪ್ರಜೆಯಾಗಬೇಕಾದರೆ ಇನ್ನೂ ವರ್ಷಗಳು ಕಾಯಬೇಕು. ಆ ದಿನ ಬಂದಾಗ ಆಗುವೆನೋ ಇಲ್ಲವೋ ಎಂಬುದನ್ನು ಶ್ರೀಪಾದರೂ ಕೇಳಿಲ್ಲ, ನಾನೂ ಹೇಳಿಲ್ಲ.

ಕೊನೆಯ ಪರೀಕ್ಷೆ ಬಾಯಿಮಾತಿನದು. ಮುಂಚೆ ನೋಡಿರದ ಒಂದು ವ್ಯಂಗ್ಯಚಿತ್ರ ಮತ್ತು ಒಂದು ಗ್ರಾಫನ್ನು ಡಾನಾ ಪರದೆಯ ಮೇಲೆ ಹಾಕುತ್ತಾರೆ, ತರಗತಿಯ ಮುಂದೆ ನಿಂತು ಬಿಡಿಸಿ ಹೇಳಬೇಕು. ಇಪ್ಪತ್ತು ವರ್ಷ ತರಗತಿಯ ಮುಂದೆ ನಿಂತವಳು ಅಂದು ಪರೀಕ್ಷೆ ಕೊಡಲು ಎದ್ದು ಹೋಗಿ ನಿಂತೆ.

ಚಿತ್ರದಲ್ಲಿ ಆನೆಯೂ ಕತ್ತೆಯೂ ಬಾಕ್ಸಿಂಗ್ ಕಣದಲ್ಲಿ ಒಂದನ್ನೊಂದು ಗುದ್ದಲು ಕೈ ಎತ್ತಿದ್ದವು. ನಾನು ಅವಸರ ಮಾಡಲಿಲ್ಲ. ಯಾರು ಎಡಕ್ಕೆ, ಯಾರು ಬಲಕ್ಕೆ, ಬೆಳಕು ಎಲ್ಲಿಂದ ಬೀಳುತ್ತಿದೆ ಎಂದು ಶ್ರೀಪಾದರಿಗೆ ಹೇಳುವ ಹಾಗೆಯೇ ಹೇಳುತ್ತ ಹೋದೆ. ಬೆಳಕಿನ ಮಾತು ಬಂದಾಗ ಗೋಡೆಯ ಮೇಲಿನ ನೆರಳುಗಳು ಕಂಡವು. ಕಣದಲ್ಲಿ ಗುದ್ದಾಡುತ್ತಿದ್ದವರ ನೆರಳುಗಳು ಗೋಡೆಯ ಮೇಲೆ ಕೈ ಕುಲುಕುತ್ತಿದ್ದವು. "ನೆರಳು ನೋಡಿ" ಎಂದೆ. ಒಂದು ಕ್ಷಣ ಬಿಟ್ಟು ಹಿಂದಿನ ಸಾಲಿನಿಂದ ನಗು ಶುರುವಾಗಿ ಮುಂದಕ್ಕೆ ಬಂತು. ನನ್ನ ಮಾತಿಗೆ ಒಂದು ತರಗತಿ ನಗುವುದನ್ನು ಕೇಳದೆ ಎಷ್ಟು ದಿನವಾಗಿತ್ತು. ನಗು ನಿಲ್ಲುವವರೆಗೆ ಕಾದು ಗ್ರಾಫಿನ ಕಡೆ ತಿರುಗಿದೆ.

ಗ್ರಾಫು ಮತದಾನದ್ದು. ವಯಸ್ಸಿನ ಪ್ರಕಾರ ಕಂಬಗಳು. ಮತ ಹಾಕಿದವರದು ಒಂದು ಬಣ್ಣ, ಹಾಕದವರದು ಬೂದುಬಣ್ಣ. ಮುದುಕರ ಕಂಬದಲ್ಲಿ ಹಾಕಿದವರು ಹೆಚ್ಚು, ಎಳೆಯರದರಲ್ಲಿ ಹಾಕದವರು ಹೆಚ್ಚು. ತಲೆಬರಹ, ಅಳತೆ, ಮೂಲ ಎಲ್ಲ ಹೇಳಿ, ಕೆಳಗಿನ ಸಣ್ಣ ಅಕ್ಷರವನ್ನೂ ಓದಿದೆ: ಇದು ಮತ ಹಾಕಲು ಅರ್ಹರಾದ ಪ್ರಜೆಗಳ ಲೆಕ್ಕ ಮಾತ್ರ. "ಆದ್ದರಿಂದ ಈ ಗ್ರಾಫು ಯಾರನ್ನು ಬಿಟ್ಟಿದೆ ಎಂಬುದನ್ನೂ ನೋಡಬೇಕು" ಎಂದೆ.

ಟೈಲರ್ ಮುಸುಕಿನೊಳಗಿಂದಲೇ ಕೈ ಎತ್ತಿದ. ತಾನು ಈವರೆಗೆ ಓಟು ಹಾಕಿಲ್ಲ, ಹಾಕುವ ಇರಾದೆಯೂ ಇಲ್ಲ ಎಂದು ಹಿಂದೊಮ್ಮೆ ಹೇಳಿದ್ದವನು ಅವನು. "ನಾನು ಆ ಬೂದುಬಣ್ಣದಲ್ಲಿದ್ದೇನೆ," ಎಂದ. "ನೀವು ಎಲ್ಲಿದ್ದೀರಿ?"

ಕುಹಕವಿರಲಿಲ್ಲ, ತಿಳಿಯಲೆಂದೇ ಕೇಳಿದ್ದ. ಓಟು ಹಾಕದವರ ಬೂದುಬಣ್ಣದಲ್ಲಿಯೂ ನಾನಿರಲಿಲ್ಲ. ಆದರೆ ಆ ಹೊತ್ತಿಗೆ ನನಗೆ ಧೈರ್ಯ ಬಂದಿತ್ತು. "ನಾನು ಈ ಗ್ರಾಫಿನಲ್ಲಿಲ್ಲ. ನನ್ನ ಗ್ರಾಫು ಧಾರವಾಡದಲ್ಲಿದೆ, ಅಲ್ಲಿ ನಾನು ಒಂದು ಚುನಾವಣೆಯನ್ನೂ ತಪ್ಪಿಸಿಲ್ಲ," ಎಂದೆ. "ನೀನು ಮಾತ್ರ ಇದರಲ್ಲಿದ್ದೀಯ. ಬಣ್ಣ ಬದಲಾಯಿಸುವುದು ನಿನ್ನ ಕೈಯಲ್ಲಿದೆ." ಅವನು ಮುಸುಕು ಹಿಂದಕ್ಕೆ ಸರಿಸಿ ನಕ್ಕ. ಡಾನಾ ಅಲ್ಲೇ ಕೈ ಕುಲುಕಿ ಪಾಸಾಯಿತೆಂದರು, ಮುಂದೆ ನಾನು ಪಾಠ ಮಾಡುವ ತರಗತಿಗೆ ತಾವೇ ಬಂದು ಕೂರುತ್ತೇನೆಂದೂ ಹೇಳಿದರು.

ಬಸ್ ನಿಲ್ದಾಣದಲ್ಲಿ ನಿಂತು ಶ್ರೀಪಾದರಿಗೆ ಸುದ್ದಿ ಹೇಳೋಣವೆಂದು ಫೋನು ತೆಗೆಯುವಷ್ಟರಲ್ಲಿ ಧಾರವಾಡದಿಂದ ನನ್ನ ತಮ್ಮ ವೆಂಕಟೇಶನ ಕರೆ ಬಂತು. ನಮ್ಮ ಸಂಜೆ ಅವರ ಮುಂಜಾನೆ. ಅವನ ಹಿಂದೆ ಕುಕ್ಕರಿನ ಸೀಟಿ, ಹಾಲಿನವನ ಕೂಗು ಕೇಳುತ್ತಿದ್ದವು.

"ಅಕ್ಕಾ, ಮತದಾರರ ಪಟ್ಟಿ ತಿದ್ದಲಿಕ್ಕೆ ಸಾಲಿ ಮಾಸ್ತರು ಬಂದಾರ, ಕಟ್ಟಿ ಮ್ಯಾಲೆ ಕೂತಾರ. ನಿಂದು, ಭಾವಂದು ಇಬ್ಬರ ಹೆಸರೂ ಇನ್ನೂ ನಮ್ಮ ಮನಿ ನಂಬರಿನಾಗ ಅವ. ಇರಲೋ, ತಗಸ್ಲೋ?"

ನನ್ನ ಗ್ರಾಫು ಧಾರವಾಡದಲ್ಲಿದೆ ಎಂಬುದು ಈಗಷ್ಟೇ ತರಗತಿಯ ಮುಂದೆ ಎದೆ ತಟ್ಟಿ ಹೇಳಿಬಂದ ಮಾತು. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಎಲ್ಲೋ ಪ್ರವಾಸಕ್ಕ ಹೋಗ್ಯಾರ, ಬರ್ತಾರ ಅಂತ ಹೇಳ್ಲೇನು?" ಅವನು ದನಿ ತಗ್ಗಿಸಿ ಕೇಳಿದ.

ಯಾರ ಹೆಸರು ಪಟ್ಟಿಯಲ್ಲಿರಬೇಕು ಎಂಬ ಪಾಠವನ್ನು ನಾನು ವರ್ಷವರ್ಷವೂ ಮಾಡಿದ್ದೇನೆ. ಆ ವಿಳಾಸದಲ್ಲಿ ಸಾಮಾನ್ಯವಾಗಿ ವಾಸಿಸುವವರು. ಆ ಮಾತಿನ ಕೆಳಗೆ ಮಕ್ಕಳಿಂದ ಗೆರೆ ಎಳೆಸುತ್ತಿದ್ದೆ. ಹೊರದೇಶದಲ್ಲಿರುವವರಿಗೆ ಬೇರೆ ಅರ್ಜಿಯಿದೆ, ಹಾಕಿದರೂ ಓಟಿಗೆ ವಿಮಾನ ಹತ್ತಿ ಊರಿಗೇ ಬರಬೇಕು. ಅದು ಮುಂದಿನ ಮಾತು. ಕಟ್ಟೆಯ ಮೇಲೆ ಕೂತ ಮಾಸ್ತರರಿಗೆ ಈಗ ಹೇಳಬೇಕಾದ್ದು ಒಂದೇ.

"ಸುಳ್ಳು ಬ್ಯಾಡ. ತಗಸು."

"ಭಾವಂದೂ?"

"ಇಬ್ಬರದೂ."

ಬಸ್ಸು ಬಂದು ನಿಂತಿತು. ನಾನು ಹತ್ತಲಿಲ್ಲ. ಚಾಲಕಿ ನನ್ನ ಮುಖ ನೋಡಿ ಬಾಗಿಲು ಮುಚ್ಚಿಕೊಂಡು ಹೋದಳು. ಆ ಕಡೆ ವೆಂಕಟೇಶ ಮಾಸ್ತರರಿಗೆ ಹೇಳುವುದು, ಅವರೇನೋ ಕೇಳುವುದು ಅಸ್ಪಷ್ಟವಾಗಿ ಕೇಳಿಸಿತು.

"ಅಕ್ಕಾ, ಕಾರಣ ಬರೀಬೇಕಂತ. ಊರು ಬಿಟ್ಟವರದೊಂದು ಸಾಲು, ತೀರಿಕೊಂಡವರದೊಂದು ಸಾಲು ಅದ."

"ಊರು ಬಿಟ್ಟವರು," ಎಂದೆ. "ಬಾಜೂಕ ನಿಂತು ನೋಡು, ವೆಂಕಟೇಶ. ಅವಸರದಾಗ ಇನ್ನೊಂದು ಸಾಲಿನಾಗ ಹಾಕ್ಯಾರು. ನಾ ಇನ್ನೂ ಅದೀನಿ ಅಂತ ಹೇಳು."