ಜೇನಿಗೆ ಬಿಟ್ಟ ತಂಗಡಿ ಹೂ

ಮನೆ ಮುಂದೆ ಜೇನು, ಚಿಟ್ಟೆ ಬರುವಂಥ ತೋಟ ಮಾಡಿಕೊಡುವುದು ನನ್ನ ಕಸುಬು. ವಿಮಾನಪುರದಲ್ಲಿ ಕಾರ್ಖಾನೆಯಿಂದ ರಿಟೈರಾದ ಒಬ್ಬರು ಕರೆದಿದ್ದರು. ಗೇಟು ತೆಗೆದರೆ ಕಾಂಪೌಂಡಿನ ಮೂಲೆಯಲ್ಲಿ ಆಗಲೇ ಒಂದು ತಂಗಡಿ ಗಿಡ. ಎಲೆ ಕಾಣದಷ್ಟು ಹಳದಿ ಹೂ, ಅದರ ತುಂಬ ಜೇನು.

ನನ್ನ ಬಾಯಿ ಸುಮ್ಮನಿರುತ್ತದೆಯೇ? "ಸಾರ್, ಇದು ರಸ್ತೆ ಪಕ್ಕ ತಾನಾಗೇ ಬೆಳೆಯೋ ಗಿಡ. ಗೊಬ್ಬರ ಬೇಡ, ದಿನಾ ನೀರೂ ಬೇಡ. ಹೂ ಮಾತ್ರ ಯಾರೂ ಕೀಳ್ಬಾರ್ದು."

"ನಾನೂ ಅದನ್ನೇ ಹೇಳ್ತಿದ್ದೆ. ನಮ್ಮನೆಯವಳು ಕೇಳ್ಬೇಕಲ್ಲ."

"ಕರೀರಿ ಸಾರ್, ನಾನು ಹೇಳ್ತೀನಿ."

ಅವರು ಒಳಗೆ ಹೋಗಿ ಒಂದು ಖಾಲಿ ಸ್ಟೀಲ್ ಡಬ್ಬಿ ತಂದರು. "ಹೂ ಒಣಗಿಸಿ ಇದ್ರಲ್ಲಿ ಇಡ್ತಿದ್ಲು. ಶುಗರ್ ಇತ್ತು, ದಿನಾ ಕಷಾಯ. ಜೇನಿಗೂ ಬಿಡೇ ಅಂದ್ರೆ, 'ಯಾಕೆ, ಅವಕ್ಕೂ ಶುಗರಾ?' ಅನ್ನೋಳು." ನಗಲು ಹೋಗಿ ನಿಲ್ಲಿಸಿದರು. "ಯುಗಾದಿ ಆದ್ಮೇಲೆ ಹೋಗ್ಬಿಟ್ಲು. ಈ ಗಿಡ ಇಷ್ಟು ಹೂ ಬಿಡುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ರೀ. ನೋಡಕ್ಕಾಗ್ತಿಲ್ಲ. ಮುಂದೆ ಏನಾದ್ರೂ ಎತ್ತರದ್ದು ನೆಡಿ, ಮರೆಯಾಗ್ಲಿ."

ನಾನು ಪುಕ್ಕಟೆ ಕೊಡುವುದು ಬುದ್ಧಿಮಾತು ಒಂದನ್ನೇ. ಆವತ್ತು ಅದನ್ನೂ ವಾಪಸ್ ತಗೊಂಡೆ. ಜೇನುಗಳ ನಡುವೆ ಕೈ ಹಾಕಿ, ಒಂದು ಹಿಡಿ ಹೂ ಕಿತ್ತು ಡಬ್ಬಿಗೆ ಹಾಕಿದೆ. ಇನ್ನೊಂದು ಹಿಡಿಗೆ ಕೈ ಚಾಚಿದೆ.

"ಸಾಕು ಸಾಕು," ಅಂದರು. "ಜೇನಿಗೂ ಬಿಡೇ."