ಮೊದಲ ಸವಾರಿ ಮನೆಯವರದು

ಮಲ್ಕಪ್ಪ ಮಿಸ್ತ್ರಿಯ ಬಗ್ಗೆ ಯಾದಗಿರಿಯಲ್ಲಿ ಹತ್ತು ಮಂದಿ ಹತ್ತು ಮಾತು ಆಡುತ್ತಿದ್ದರು. ಮೊಂಡ ಅಂತ ಒಬ್ಬ, ಸೊಕ್ಕಿನವ ಅಂತ ಇನ್ನೊಬ್ಬ. ಒಂದು ಗಾಡಿಯ ಎಂಜಿನ್ನನ್ನು ಇನ್ನೊಂದು ಗಾಡಿಯ ಗೇರಿಗೆ ಜೋಡಿಸಿಕೊಡು ಎಂದು ಯಾರಾದರೂ ಬಂದರೆ ಅವನು ಚಹಾ ಕುಡಿಸಿ, ಬೇರೆ ಊರಿನ ಮಿಸ್ತ್ರಿಯ ಹೆಸರು ಹೇಳಿ ಕಳಿಸಿಬಿಡುತ್ತಿದ್ದ. ಬ್ರೇಕು ಸರಿಮಾಡುತ್ತಿದ್ದ, ಮುರಿದ ಸ್ಪ್ರಿಂಗ್ ಪಟ್ಟಾ ಕೂಡಿಸುತ್ತಿದ್ದ, ಆ ಒಂದು ಕೆಲಸ ಮಾತ್ರ ಮುಟ್ಟುತ್ತಿರಲಿಲ್ಲ. ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುತ್ತದೆ. ಯಾಕೆ ಬಿಟ್ಟೆ ಎಂದು ಕೂತು ಕೇಳುವ ತಾಳ್ಮೆ ಆಡಿಕೊಳ್ಳುವವರಿಗೆ ಇರಲಿಲ್ಲ. ಹೇಳುವ ಬಾಯಿ ಮಲ್ಕಪ್ಪನಿಗೂ ಇರಲಿಲ್ಲ.

ಅವನು ಹುಟ್ಟಿದ್ದು ದೋರನಹಳ್ಳಿಯ ಕುರಿ ಸಾಕುವ ಮನೆಯಲ್ಲಿ. ಮೀಸೆ ಮೂಡಿದ ಮೇಲೂ ಹಿಂಡಿನ ಹಿಂದೆಯೇ ತಿರುಗುತ್ತಿದ್ದ. ಒಂದು ದಿನ ಶಹಾಪುರದ ರಸ್ತೆಯಲ್ಲಿ ಒಂದು ಲಾರಿ ಕೆಟ್ಟು ನಿಂತಿತ್ತು. ಅದರ ಕೆಳಗೆ ಮಲಗಿದ್ದವರು ಯಾದಗಿರಿ ಸ್ಟೇಶನ್ ಹತ್ತಿರ ಶೆಡ್ ಇಟ್ಟಿದ್ದ ದಸ್ತಗೀರಸಾಬರು. ಬೋಲ್ಟು ಬಿಚ್ಚಲು ಅವರು ಕೇಳಿದ ಪಾನಾ ಎತ್ತಿ ಕೊಡುತ್ತ ಕೊಡುತ್ತ ಮಲ್ಕಪ್ಪನಿಗೆ ಕುರಿಗಳ ನೆನಪೇ ಹೋಯಿತು. ಅವು ಯಾರದೋ ಹೊಲಕ್ಕೆ ನುಗ್ಗಿ, ಅಪ್ಪನಿಂದ ಒದೆ ಬಿದ್ದು, ಮರುವಾರ ಅವನು ಶೆಡ್ಡಿನ ಬಾಗಿಲಲ್ಲಿ ಕಂಬಳಿ ಹಾಸಿ ಮಲಗಿದ್ದ. ದಸ್ತಗೀರಸಾಬರು ಹೊರಗೆ ಹಾಕಲಿಲ್ಲ. ಅವರ ಹೆಂಡತಿ ಅನ್ವರಬಿ ಒಂದು ರೊಟ್ಟಿ ಹೆಚ್ಚು ಬಡಿದರು. ಮಕ್ಕಳಿಲ್ಲದ ಮನೆ ಅದು.

ಉಸ್ತಾದ ದಸ್ತಗೀರಸಾಬರಿಗೆ ಒಂದು ಕಟ್ಟಳೆ ಇತ್ತು. ಎರಡನೆಯ ಮಹಾಯುದ್ಧ ಮುಗಿದು ದಂಡಿನ ಹಳೆಯ ಗಾಡಿಗಳು ಹರಾಜಿಗೆ ಬಂದ ಕಾಲ. ಎಂಜಿನ್ನು ಒಂದರದು, ಗೇರು ಇನ್ನೊಂದರದು, ಜೋಡಿಸಿಕೊಂಡು ಓಡಿಸುವುದೇ ರೂಢಿಯಾಗಿತ್ತು. ಹಾಗೆ ಜೋಡಿಸಿದ ಗಾಡಿಯನ್ನು ಮಾಲೀಕನ ಕೈಗೆ ಕೊಡುವ ಮೊದಲು ಉಸ್ತಾದರು ಅದರಲ್ಲಿ ತಮ್ಮ ಹೆಂಡತಿಯನ್ನು ಕೂಡಿಸಿಕೊಂಡು ಭೀಮಾ ನದಿಯ ದಂಡೆಯ ತನಕ ಹೋಗಿ ಬರುತ್ತಿದ್ದರು. ಅನ್ವರಬಿ ತಲೆಯ ಮೇಲೆ ಸೆರಗು ಹೊದ್ದು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಮದುವೆಗೆ ಹೊರಟವರ ಗತ್ತಿನಲ್ಲಿ ಲಾರಿ ಏರುತ್ತಿದ್ದರು. "ಮೊದಲ ಸವಾರಿ ಮನಿಯವ್ರದು. ನಮ್ಮವ್ರನ್ನ ಕುಂದ್ರಿಸಾಕ ಧೈರ್ಯ ಇಲ್ಲಂದ್ರ ಮಂದಿ ಮಕ್ಕಳನ್ನ ಕುಂದ್ರಿಸಬಾರದು" ಎನ್ನುತ್ತಿದ್ದರು ಉಸ್ತಾದರು. ಈ ಮಾತು ಶಹಾಪುರ, ಸುರಪುರದ ತನಕ ಗೊತ್ತಿತ್ತು. ಮಿಸ್ತ್ರಿಯ ಮನೆಯವರು ಕೂತದ್ದನ್ನು ಕಣ್ಣಾರೆ ನೋಡದೆ ಜನ ಹೊಸದಾಗಿ ಜೋಡಿಸಿದ ಗಾಡಿ ಹತ್ತುತ್ತಿರಲಿಲ್ಲ.

ಆಮೇಲೆ ಆ ಕೆಟ್ಟ ವರ್ಷ ಬಂತು. ಮೊದಲು ರಜಾಕಾರರ ಭಯಕ್ಕೆ ಮಲ್ಕಪ್ಪನ ಊರಿನವರು ಹೊಲ ಮನೆ ಬಿಟ್ಟು ಓಡಿದರು. ಅವನ ತಾಯಿ ಅಂಬವ್ವ, ಹೊಸದಾಗಿ ಮದುವೆಯಾಗಿದ್ದ ಹೆಂಡತಿ ಶಂಕ್ರಮ್ಮ, ಇಬ್ಬರನ್ನೂ ಅನ್ವರಬಿ ತಮ್ಮ ಕೋಣೆಯಲ್ಲಿ ಇಟ್ಟುಕೊಂಡರು. ಹುಡುಕಿಕೊಂಡು ಬಂದ ರಜಾಕಾರರ ಎದುರು ಉಸ್ತಾದರು ಬಾಗಿಲಿಗೆ ಅಡ್ಡ ನಿಂತು, ಇವರು ನನ್ನ ಮನೆಯವರು ಎಂದು ಹೇಳಿ ಕಳಿಸಿದರು. ಅದಾಗಿ ಸೆಪ್ಟೆಂಬರಿನಲ್ಲಿ ಭಾರತದ ದಂಡು ಬಂತು, ನಿಜಾಮನ ಆಳಿಕೆ ಮುಗಿಯಿತು, ಸೇಡು ತೀರಿಸುವವರು ಹೊರಬಿದ್ದರು. ಯಾರಿಗೂ ಕೆಟ್ಟದ್ದು ಮಾಡದ ದಸ್ತಗೀರಸಾಬರನ್ನು ಒಂದು ಗುಂಪು ಶೆಡ್ಡಿನಿಂದ ಎಳೆದುಕೊಂಡು ಹೋಯಿತು. ಮಲ್ಕಪ್ಪ ಅಂದು ತಾಯಿಯನ್ನು ಊರಿಗೆ ಬಿಡಲು ಹೋಗಿದ್ದ. ಅವನು ಅಲ್ಲಿದ್ದಿದ್ದರೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದನೋ ಇಲ್ಲವೋ, ಅವನಿಗೇ ಗೊತ್ತಿಲ್ಲ. ಹೆಣ ಸಿಗಲಿಲ್ಲ.

ಹೆಣ ಸಿಗದ ಕಾರಣ ಅನ್ವರಬಿ ಬಳೆ ತೆಗೆಯಲಿಲ್ಲ. ಸಗರದಲ್ಲಿದ್ದ ತಂಗಿ ಖುರ್ಷೀದಬೇಗಂ ಬಂದು ಕರೆದಳು, ಹೋಗಲಿಲ್ಲ. "ಅವ್ರು ಬಂದ್ರ ಮೊದಲ ಶೆಡ್ಡಿಗೇ ಬರ್ತಾರ" ಎಂದು ಶೆಡ್ಡಿನ ಹಿಂದಿನ ಕೋಣೆಯಲ್ಲೇ ಉಳಿದರು. ಆ ಕೋಣೆಯ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ವಾಡಿ ಕಡೆಯ ರೈಲು ಬಂದು ನಿಂತಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಸ್ಟೇಶನ್ನಿನ ಗೇಟಿನತ್ತ ನೋಡುತ್ತಿದ್ದರು. ಮಲ್ಕಪ್ಪನೂ ನೋಡುತ್ತಿದ್ದ. ಶೆಡ್ ಈಗ ಅವನೇ ನಡೆಸುತ್ತಿದ್ದ. ಕೋಟೆಯ ಬುಡದ ಓಣಿಯಲ್ಲಿ ಮನೆ ಮಾಡಿ ಹೆಂಡತಿಯನ್ನು ಕರೆತಂದಿದ್ದ.

ಶೆಡ್ ನಿಂತಿದ್ದ ಜಾಗ ಬಸವಂತ್ರಾಯ ಎಂಬ ಸಾಹುಕಾರನದು. ಅವನದೊಂದು ಬಸ್ಸು ಇತ್ತು. ಜಾಗೀರುಗಳು ಹೋದ ಮರುವರ್ಷ, ಯಾದಗಿರಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಬಸ್ಸು ಬಿಡಲು ಅವನು ಪರ್ಮಿಟ್ ತಂದ. ತಂದ ವಾರದಲ್ಲೇ ಬಸ್ಸಿನ ಎಂಜಿನ್ನು ಸೀಳು ಬಿಟ್ಟಿತು. ಅದೇ ಹೊತ್ತಿಗೆ ಸುರಪುರದ ಕಡೆಯ ಒಬ್ಬ ಜಾಗೀರದಾರ ಹೈದರಾಬಾದಿಗೆ ಗಂಟು ಕಟ್ಟಿ, ತನ್ನ ದೊಡ್ಡ ಅಮೆರಿಕನ್ ಕಾರನ್ನು ಸಿಕ್ಕ ಬೆಲೆಗೆ ಮಾರಿ ಹೋದ. ಹುಚ್ಚು ಮುಂಡೆಯ ಮದುವೆಯಲ್ಲಿ ಉಂಡವನೇ ಜಾಣ. ಬಸವಂತ್ರಾಯ ಕಾರು ಎಳೆಸಿಕೊಂಡು ಬಂದು ಶೆಡ್ಡಿನಲ್ಲಿ ನಿಲ್ಲಿಸಿದ.

"ಇದರ ಎಂಜಿನ್ ಬಿಚ್ಚಿ ನಮ್ಮ ಬಸ್ಸಿಗೆ ಕೂಡ್ಸು."

ಮಲ್ಕಪ್ಪ ಆ ಕಾರನ್ನು ಬಲ್ಲ. ಅದಕ್ಕೆ ಕ್ಲಚ್ಚೇ ಇರಲಿಲ್ಲ. ಗೇರು ತನ್ನಷ್ಟಕ್ಕೆ ತಾನೇ ಬದಲಾಗುತ್ತಿತ್ತು, ಡ್ರೈವರ್ ಎಕ್ಸಲರೇಟರ್ ತುಳಿದುಕೊಂಡು ಕೂತರೆ ಸಾಕು. ಹಿಂದೆ ಒಮ್ಮೆ ಅದು ಶೆಡ್ಡಿಗೆ ಬಂದಿದ್ದಾಗ ಉಸ್ತಾದರು ಅವನನ್ನು ಕರೆದು ತೋರಿಸಿದ್ದರು. ಕೈಯಿಂದ ಹಾಕುವ ಗೇರಾದರೆ ಅದರ ದಂಡದ, ಅಂದರೆ ಶಾಫ್ಟಿನ, ತುದಿಯಲ್ಲಿ ಬೆರಳಿನಷ್ಟು ದಪ್ಪದ ಮೂಗು ಇರುತ್ತದೆ. ಆ ಮೂಗು ಎಂಜಿನ್ನಿನ ಹಿಂಭಾಗದ ತೂತಿನೊಳಗೆ, ಹಿತ್ತಾಳೆಯ ಬಳೆಯಲ್ಲಿ ಕೂತು ತಿರುಗಬೇಕು. ಈ ಕಾರಿನ ಎಂಜಿನ್ನಿಗೆ ಆ ತೂತನ್ನೇ ಕೊರೆದಿರಲಿಲ್ಲ. "ಇದು ತನ್ನ ಗೇರಿನ ಸಂಗಾಟನ ಹುಟ್ಟಿದ್ದೋ ಮಲ್ಕ್ಯಾ. ಬ್ಯಾರೆದಕ್ಕ ಕಟ್ಟೂದಾದ್ರ ಮೊದಲ ಮೂಗಿಗೆ ಗೂಡು ಕೊರಸಬೇಕು. ಇಲ್ಲಂದ್ರ ದಂಡ ಕುಣಿತದ, ಗೇರು ನಿಂದ್ರಂಗಿಲ್ಲ" ಎಂದಿದ್ದರು.

ಮಲ್ಕಪ್ಪ ಅದನ್ನೇ ಸಾಹುಕಾರನಿಗೆ ಹೇಳಿದ. ಎಂಜಿನ್ನಿನ ದಂಡ ಬಿಚ್ಚಿ ಸೊಲ್ಲಾಪುರದ ಲೇತಿಗೆ ಕಳಿಸಿ ಗೂಡು ಕೊರೆಸಬೇಕು, ತಡವಾಗುತ್ತದೆ ಎಂದ.

"ತಡ ಅಂದ್ರ?"

"ಒಂದ ತಿಂಗಳರೆ ಬೇಕ್ರಿ, ಸಾವ್ಕಾರ್ರ."

"ಸೋಮವಾರ ಬಸ್ಸು ಲೈನಿಗೆ ಬರಲಿಲ್ಲಂದ್ರ ಪರ್ಮಿಟ್ ಹೋಗ್ತದ. ಪರ್ಮಿಟ್ ಹೋದ್ರ ಈ ಜಾಗ ನನಗ್ಯಾಕ ಬೇಕು? ಹತ್ತಿ ವ್ಯಾಪಾರದವ್ರು ಗೋದಾಮಿಗೆ ಕೇಳಾಕತ್ಯಾರ. ಕೊಟ್ಟುಬಿಡ್ತೀನಿ." ಬಸವಂತ್ರಾಯ ಸಿಟ್ಟಿನಿಂದೇನೂ ಹೇಳಲಿಲ್ಲ. ಇದ್ದದ್ದನ್ನು ಹೇಳಿ, ಧೋತರದ ಚುಂಗು ಹಿಡಿದುಕೊಂಡು ಹೋದ.

ಹಿಂದಿನ ಕೋಣೆಯಲ್ಲಿ ಅನ್ವರಬಿ ಈ ಮಾತನ್ನೆಲ್ಲ ಕೇಳಿಸಿಕೊಂಡರು. ಹೊರಗೆ ಬಂದರು. ಗೇಟಿನತ್ತ ಮುಖ ಮಾಡಿ ಕೂತರು. ಮಲ್ಕಪ್ಪ ಆ ಬೆನ್ನು ನೋಡಿದ. ಶೆಡ್ ಹೋದರೆ ಅವನಿಗೆ ಇನ್ನೊಂದು ಗಿಡದ ನೆರಳು ಸಿಕ್ಕೀತು. ಆದರೆ ಕಾಯುವ ಜಾಗವೇ ಹೋದ ಮೇಲೆ ಈ ಹೆಂಗಸು ಎಲ್ಲಿ ಕೂತು ಕಾಯಬೇಕು? ಬಾಗಿಲಿಗೆ ಅಡ್ಡ ನಿಂತವರ ಹೆಂಡತಿಗೆ ಒಂದು ಬಾಗಿಲನ್ನಾದರೂ ಉಳಿಸಿಕೊಡದಿದ್ದರೆ ತಾನು ತಿಂದ ರೊಟ್ಟಿಗೆ ಏನು ಅರ್ಥ?

ಎಂಜಿನ್ನು ಬಿಚ್ಚಿದ. ಕಾರು, ಬಸ್ಸು ಎರಡೂ ಒಂದೇ ಕಂಪನಿಯ ಮಾಲಾದ್ದರಿಂದ ಬೋಲ್ಟಿನ ತೂತುಗಳು ತಾಳೆಯಾದವು. ಬಸ್ಸಿನ ಹಳೆಯ ಎಂಜಿನ್ನಿನ ಫ್ಲೈವೀಲು, ಕ್ಲಚ್ಚು ತೆಗೆದು ಹೊಸ ಎಂಜಿನ್ನಿಗೆ ಹಾಕಿದ. ಗೇರಿನ ಪೆಟ್ಟಿಗೆ ಎತ್ತಿ ಹಿಡಿದರೆ ಹೆಬ್ಬೆರಳಿನಷ್ಟು ಸಂದು ಬಿಟ್ಟು ನಿಂತಿತು. ಮೂಗು ಹೋಗಿ ಗಟ್ಟಿ ಉಕ್ಕಿಗೆ ತಾಗಿತ್ತು. ಒಂದೆರಡು ತಿಂಗಳು ಹೇಗೋ ಓಡಲಿ, ಲೈನು ಗಟ್ಟಿಯಾದ ಮೇಲೆ ಬಿಚ್ಚಿ ಸೊಲ್ಲಾಪುರಕ್ಕೆ ಕಳಿಸಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಪೆಟ್ಟಿಗೆ ಇಳಿಸಿ, ದಂಡವನ್ನು ಸಾಣೆಕಲ್ಲಿಗೆ ಹಿಡಿದು ಮೂಗನ್ನು ಪೂರಾ ಸವೆಸಿದ. ಈಗ ಪೆಟ್ಟಿಗೆ ಸರಿಯಾಗಿ ಕೂತಿತು.

ಶೆಡ್ಡಿನ ಸುತ್ತ ಓಡಿಸಿ ನೋಡಿದ. ಓಡಿತು. ಗೇರಿನ ಹಿಡಿ ಮಾತ್ರ ಜ್ವರ ಬಂದವರ ಕೈಯಂತೆ ನಡುಗುತ್ತಿತ್ತು. ಹಳೆಯ ಟ್ಯೂಬು ಕತ್ತರಿಸಿ ಪಟ್ಟಿ ಮಾಡಿ, ಬಿದ್ದ ಗೇರು ಹೊರಗೆ ಜಾರದಿರಲೆಂದು ಹಿಡಿಯನ್ನು ಜಗ್ಗಿ ಸೀಟಿನ ಕಾಲಿಗೆ ಸಿಕ್ಕಿಸಲು ಬರುವ ಹಾಗೆ ಕಟ್ಟಿದ.

ಉಳಿದದ್ದು ಮೊದಲ ಸವಾರಿ. ಭೀಮಾ ದಂಡೆ ಬೇಡ, ಆದಿತ್ಯವಾರ ಸುರಪುರದ ತನಕ ತಂದು ತೋರಿಸು, ಮಂದಿ ನೋಡಲಿ ಎಂದು ಬಸವಂತ್ರಾಯ ಹೇಳಿ ಕಳಿಸಿದ್ದ. ತಾನು ಹಾರ ಹಿಡಿದು ಸುರಪುರದಲ್ಲಿ ಕಾಯುತ್ತೇನೆ, ಮನೆಯವರು ಕೂತಿರಬೇಕು ಎಂದಿದ್ದ. ಶಂಕ್ರಮ್ಮ ಆಗ ಐದು ತಿಂಗಳ ಬಸುರಿ. ಮಲ್ಕಪ್ಪ ಮನೆಯಲ್ಲಿ ಸವಾರಿಯ ಮಾತೇ ಎತ್ತಲಿಲ್ಲ. ಶನಿವಾರ ಸಂಜೆ ಅನ್ವರಬಿಯ ಎದುರು ನಿಂತು, ಮುಖ ಬೇರೆ ಕಡೆ ಮಾಡಿ ಹೇಳಿದ.

"ಚಾಚಿ, ನಮ್ಮಾಕಿಗೆ ಜ್ವರ ಬಂದಾವ್ರಿ. ಆಕಿ ಬರಾಂಗಿಲ್ಲ."

"ಬ್ಯಾಡ ಬಿಡು. ನಾ ಬರ್ತೀನಿ."

"ದೂರ ಆಗ್ತದ್ರಿ ನಿಮಗ."

"ಇಷ್ಟು ವರ್ಷ ಕೂತಾಕಿಗೆ ಈಗೇನು ದೂರ?"

ಬೇಡ ಎಂದು ಇನ್ನೊಂದು ಸಲ ಹೇಳಬಹುದಿತ್ತು. ಕಾಲು ಹಿಡಿದು ನಿಜ ಹೇಳಬಹುದಿತ್ತು. ಹೇಳಲಿಲ್ಲ. ಹೂಂ ಎಂದ. ಆ ಒಂದು ಹೂಂಗೆ ಅವನು ಸಾಯುವ ತನಕ ತನ್ನ ಬಾಯಿಗೆ ತಾನೇ ಶಾಪ ಹಾಕಿಕೊಂಡ.

ಆದಿತ್ಯವಾರ ಮುಂಜಾನೆ ಅನ್ವರಬಿ ಎಲ್ಲಿಗೋ ಹೋಗಿ ಬಂದರು. ಒಗೆದ ಸೀರೆ ಉಟ್ಟು, ರೊಟ್ಟಿಯ ಗಂಟು ಹಿಡಿದು, ಸ್ಟೇಶನ್ ಎದುರು ಕೂಡಿದ್ದ ಮಂದಿಯ ನಡುವೆ ಹಾಯ್ದು ಮುಂದಿನ ಸೀಟಿನಲ್ಲಿ ಕೂತರು. ಟ್ಯೂಬಿನ ಪಟ್ಟಿ ಅವರ ಕಾಲ ಹತ್ತಿರವೇ ಇತ್ತು. ನೋಡಿದರು, ಕಾಲನ್ನು ಒಂದಿಷ್ಟು ಸರಿಸಿಕೊಂಡರು. ಮಲ್ಕಪ್ಪ ಬಸ್ಸು ಬಿಟ್ಟ.

ಶಹಾಪುರದ ತನಕ ದಾರಿ ಸಪಾಟು, ಏನೂ ತೊಂದರೆಯಾಗಲಿಲ್ಲ. ಅನ್ವರಬಿ ಎಲೆ ಅಡಿಕೆ ಮಡಿಸುತ್ತ, ತಮ್ಮ ಗಂಡ ಮೊದಲ ಸಲ ಲಾರಿ ಜೋಡಿಸಿದ್ದಾಗ ಅದು ಹಿಂದಕ್ಕೆ ಮಾತ್ರ ಓಡುತ್ತಿದ್ದುದನ್ನು ಹೇಳಿ ನಕ್ಕರು. ಮಲ್ಕಪ್ಪನಿಗೂ ನಗು ಬಂತು. ಗೆದ್ದೆ ಅನ್ನಿಸಿತು ಅವನಿಗೆ. ಶಹಾಪುರದಲ್ಲಿ ಚಹಾ ಕುಡಿದು ಹೊರಟರು. ಸುರಪುರ ಇನ್ನೇನು ಬಂತು ಅನ್ನುವಾಗ ಗುಡ್ಡದ ಇಳಿಜಾರು ಸಿಕ್ಕಿತು. ಬಸ್ಸನ್ನು ಹಿಡಿದಿಡಲು ಸಣ್ಣ ಗೇರಿಗೆ ಹಾಕಿ ಪಟ್ಟಿ ಸಿಕ್ಕಿಸಿದ. ಅರ್ಧ ಇಳಿಯುವಷ್ಟರಲ್ಲಿ ಪಟ್ಟಿ ಹರಿದು ಹಿಡಿ ಜಿಗಿದು ಗೇರು ಬಿಟ್ಟುಹೋಯಿತು. ಎಂಜಿನ್ನಿನ ಹಿಡಿತ ತಪ್ಪಿದ ಬಸ್ಸು ಉರುಳತೊಡಗಿತು. ಮತ್ತೆ ಗೇರು ಹಾಕಲು ಹೋದ, ಹಲ್ಲುಗಳು ಕಿರಿಗುಟ್ಟಿದವೇ ಹೊರತು ಕೂಡಲಿಲ್ಲ. ಹಳೆಯ ಬ್ರೇಕು ಆ ಭಾರ ತಡೆಯಲಿಲ್ಲ. ಕೆಳಗೆ ತಿರುವಿನಲ್ಲಿ ಕಮರಿ ಇತ್ತು, ಅದಕ್ಕೆ ಬೀಳಬಾರದೆಂದು ಬಸ್ಸನ್ನು ಗುಡ್ಡದ ಕಡೆಗೆ ತಿರುಗಿಸಿದ. ಬಂಡೆಗೆ ಬಡಿದದ್ದು ಅನ್ವರಬಿ ಕೂತ ಮಗ್ಗುಲು.

ತಗಡು ಬಗ್ಗಿಸಿ ಅವರನ್ನು ಹೊರಗೆ ತೆಗೆದಾಗ ಜೀವ ಇತ್ತು. ಬಂಡಿ ಹೂಡಿ ಸುರಪುರದ ದವಾಖಾನೆಗೆ ಒಯ್ಯುವಾಗ ಮಲ್ಕಪ್ಪ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. "ಬಾಗಿಲಾ ಹಾಕಬ್ಯಾಡೋ ಬೇಟಾ, ಅವ್ರು ಬರ್ತಾರ" ಎಂದರು. ದವಾಖಾನೆ ಮುಟ್ಟುವ ಮೊದಲೇ ಹೋದರು.

ಸಗರದಲ್ಲಿ ಮಣ್ಣು ಮಾಡಿದರು. ಖುರ್ಷೀದಬೇಗಂ ಅವನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಬಸವಂತ್ರಾಯನಿಗೆ ಪರ್ಮಿಟ್ ಹೋಯಿತು. ಆದರೆ ಸತ್ತವಳ ಶಾಪ ತಟ್ಟೀತೆಂದು ಹೆದರಿ ಅವನು ಜಾಗ ಮಾರಲಿಲ್ಲ. ಶೆಡ್ ಉಳಿಯಿತು.

ಮೂರು ದಿನ ಮಲ್ಕಪ್ಪ ಊಟ ಮುಟ್ಟಲಿಲ್ಲ. ಕೊನೆಗೆ ಶಂಕ್ರಮ್ಮ ಊಟದ ಗಂಗಾಳ ಅವನ ಮುಂದೆ ಇಟ್ಟು, ಎದುರಿಗೆ ಕೂತಳು.

"ನನಗ ಜ್ವರ ಬಂದಾವ ಅಂತ ಹೇಳಿದ್ರ್ಯಾ ಚಾಚಿಗಿ?"

ಅವನು ಗಂಗಾಳ ದೂರ ಸರಿಸಿದ.

"ಆದಿತ್ಯವಾರ ಮುಂಜಾನಿ ಮನಿಗಿ ಬಂದಿದ್ರು. ನಾ ಜೋಳ ಬೀಸಾಕತ್ತಿದ್ದೆ. ಹಣಿ ಮುಟ್ಟಿ ನೋಡಿದ್ರು. ಬೀಸೂದ ಬಿಡಿಸಿ, ಯಾರರೆ ಕೇಳಿದ್ರ ಜ್ವರ ಅದಾವ ಅನ್ನು, ಇವತ್ತ ಹೊರಗ ಬರಬ್ಯಾಡ ಅಂದ್ರು."

"ಮತ್ತೇನಂದ್ರು?"

"ಮಲ್ಕ್ಯಾ ಜೋಡಿ ಸರಿ ಮಾಡಿಲ್ಲ, ಸರಿ ಇದ್ದಿದ್ರ ನಿನ್ನ ಕರಕೊಂಡೇ ಹೋಗ್ತಿದ್ದ ಅಂದ್ರು."

"ತಿಳಿದೂ ಯಾಕ ಕೂತ್ರು?"

"ನಾನೂ ಅದನ್ನೇ ಕೇಳಿದ್ನಿ. ಯಾರೂ ಕೂಡಲಿಲ್ಲಂದ್ರ ಶೆಡ್ ಹೋಗ್ತದ, ಆಮ್ಯಾಲ ಅವ್ರು ಬಂದ್ರ ಎಲ್ಲಿಗಂತ ಬರಬೇಕು ಅಂದ್ರು." ಶಂಕ್ರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಗಂಗಾಳವನ್ನು ಅವನ ಹತ್ತಿರಕ್ಕೆ ಸರಿಸಿದಳು. "ಉಣ್ರಿ."

ಅವನು ಉಂಡ. ಮರುದಿನ ಹೋಗಿ ಶೆಡ್ ತೆರೆದ. ಹಿಂದಿನ ಕೋಣೆಯ ಬಾಗಿಲಿಗೆ ಸಾಯುವ ತನಕ ಚಿಲಕ ಹಾಕಲಿಲ್ಲ, ಯಾರಿಗೂ ಹಾಕಗೊಡಲಿಲ್ಲ. ಆದರೆ ವಾಡಿಯ ರೈಲು ಬಂದು ನಿಂತ ಸದ್ದಾದರೆ ಗೇಟಿನತ್ತ ನೋಡುವುದನ್ನು ಬಿಟ್ಟ. ಪಾನಾ ಹಿಡಿದು ಯಾವುದಾದರೂ ಗಾಡಿಯ ಕೆಳಗೆ ತೂರಿಕೊಂಡು, ಇಳಿದ ಮಂದಿಯೆಲ್ಲ ಶೆಡ್ ದಾಟಿ ಹೋಗುವ ತನಕ ಅಲ್ಲೇ ಮಲಗಿರುತ್ತಿದ್ದ. ಉಸ್ತಾದರು ಬರಲಿ ಎಂದು ವರ್ಷಗಟ್ಟಲೆ ಕಾದವನು, ಅವರು ಎಲ್ಲಿ ಬಂದುಬಿಡುತ್ತಾರೋ ಎಂದು ಹೆದರುತ್ತಿದ್ದ.