ಮೂರ್ಛೆ ಹೋದ ಬದನೆಕಾಯಿ

ನಮ್ಮ ಮನೆಗೆ ನೊಣ ತಿನ್ನುವ ಗಿಡ ಬಂದದ್ದು ನನ್ನ ಅತ್ತೆಯ ಒತ್ತಾಯದಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನ್ಯೂಜೆರ್ಸಿಯ ಈ ಎಡಿಸನ್ ಊರಿನ ನಮ್ಮ ಪರಿಚಯದವರಲ್ಲಿ ಆ ಅಪವಾದ ಇವತ್ತಿಗೂ ನನ್ನ ಮೇಲೇ ಇದೆ. ಸೋಮವಾರ, ಶನಿವಾರ ಈರುಳ್ಳಿಯನ್ನೂ ಒಲೆಯ ಹತ್ತಿರ ಬಿಡದ ಮನೆಗೆ ಅಂಥ ಗಿಡವನ್ನು ಸೊಸೆಯಲ್ಲದೆ ಇನ್ಯಾರು ತಂದಾರು ಎನ್ನುವುದು ಅವರ ತರ್ಕ. ಅತ್ತೆಯಂತೂ ಬಂದವರ ಎದುರಿಗೆ ಆ ಕುಂಡದ ಪಕ್ಕದಲ್ಲೇ ಕೂತು, ಈ ವಿಷಯದಲ್ಲಿ ತಮಗೇನೂ ಗೊತ್ತಿಲ್ಲದವರಂತೆ ಕಾಫಿ ಕುಡಿಯುತ್ತಾರೆ.

ಶುರುವಾದದ್ದು ಕಾಗದಗಳಿಂದ. ನಾನು ವಾರದಲ್ಲಿ ಮೂರು ದಿನ ಇಲ್ಲಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಉಳಿದ ದಿನ ಮನೆಯಲ್ಲಿ ಕೂತು ಹಳೆಯ ಕೈಬರಹದ ಕಾಗದಗಳನ್ನು ಕಂಪ್ಯೂಟರಿಗೆ ಟೈಪ್ ಮಾಡುತ್ತೇನೆ. ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಇಂಗ್ಲಿಷ್ ಪ್ರಕೃತಿ ವಿಜ್ಞಾನಿ ತನ್ನ ಸ್ನೇಹಿತರಿಗೆ ಬರೆದದ್ದು, ಅವರು ಅವನಿಗೆ ಬರೆದದ್ದು. ಅಕ್ಷರ ಹೇಗಿದೆಯೆಂದರೆ ಯಂತ್ರಕ್ಕೂ ತಿಳಿಯುವುದಿಲ್ಲ, ಅದಕ್ಕೇ ನನ್ನಂಥ ಬಿಟ್ಟಿ ಕೆಲಸದವರು ಬೇಕು. ನನ್ನ ಗಂಡ ಇದಕ್ಕೆ ಸತ್ತವರ ವಾಟ್ಸ್ಯಾಪ್ ಓದುವ ಚಟ ಎಂದು ಹೆಸರಿಟ್ಟಿದ್ದಾನೆ.

ಮಧ್ಯಾಹ್ನ ಊಟವಾದ ಮೇಲೆ ಅತ್ತೆ ನನ್ನ ಎದುರು ಕೂತು ಸೊಪ್ಪು ಬಿಡಿಸುತ್ತಿದ್ದರು. ಸುಮ್ಮನೆ ಕೂರುವ ಸ್ವಭಾವ ಅವರದಲ್ಲ. "ಏನಂತೆ ಅವನ ಕಥೆ?" ಎಂದು ಒಂದು ದಿನ ಕೇಳಿದರು. ನಾನು ಓದುತ್ತಾ ಕನ್ನಡದಲ್ಲಿ ಹೇಳತೊಡಗಿದೆ. ಗಡ್ಡದ ಆ ಮನುಷ್ಯ ಜೌಗು ನೆಲದ ಒಂದು ಗಿಡ ತಂದು, ಅದರ ಅಂಟಂಟು ಎಲೆಯ ಮೇಲೆ ಒಮ್ಮೆ ಮಾಂಸದ ಚೂರು, ಒಮ್ಮೆ ಗಾಜಿನ ಚೂರು, ಒಮ್ಮೆ ಹಾಲು, ಒಮ್ಮೆ ಬಟಾಣಿ ಬೇಯಿಸಿದ ನೀರು ಹಾಕಿ, ಯಾವುದಕ್ಕೆ ಎಲೆ ಮಡಚುತ್ತದೆ ಎಂದು ನೋಡುತ್ತಿದ್ದ. ಕಂಡದ್ದನ್ನೆಲ್ಲ ಊರೂರಿಗೆ ಕಾಗದ ಬರೆದು ತಿಳಿಸುತ್ತಿದ್ದ. ಅತ್ತೆ ಅವನಿಗೆ ಗಡ್ಡದಜ್ಜ ಎಂದರು. ಆ ಕಾಗದಗಳನ್ನು ಬರೆದಾಗ ಅವನು ಅತ್ತೆಗಿಂತ ಚಿಕ್ಕವನೇ, ಆದರೂ ಅಜ್ಜ. ವಾರ ಕಳೆಯುವುದರೊಳಗೆ ಅವರ ಮಧ್ಯಾಹ್ನದ ಧಾರಾವಾಹಿ ನಿಂತುಹೋಯಿತು. "ಇದೇ ವಾಸಿ. ಯಾರೂ ಕಿಟಾರನೆ ಕಿರಚಲ್ಲ" ಎಂದರು.

ಅಜ್ಜನಿಗೆ ಕಾಗದ ಬರೆಯುತ್ತಿದ್ದವರಲ್ಲಿ ನಮ್ಮ ನ್ಯೂಜೆರ್ಸಿಯ ಹೆಂಗಸೊಬ್ಬಳಿದ್ದಳು. ನೊಣ ಹಿಡಿಯುವ ಗಿಡದ ಎಲೆಯೊಳಗೆ ತನ್ನ ಬೆರಳನ್ನೇ ಕೊಟ್ಟು, ಏನಾಗುತ್ತದೋ ನೋಡೋಣ ಎಂದು ಕೂತಿದ್ದಳಂತೆ.

ಅತ್ತೆಯ ಕೈಯಲ್ಲಿದ್ದ ಮೆಂತ್ಯದ ಕಡ್ಡಿ ಅಲ್ಲೇ ನಿಂತಿತು. "ಯಾವೂರು ಆಕೇದು?"

"ಸೌತ್ ಜೆರ್ಸಿ, ಅತ್ತೆ. ಇಲ್ಲಿಂದ ಡ್ರೈವ್ ಮಾಡಿದ್ರೆ ಎರಡು ಗಂಟೆ ಆಗಬಹುದು."

"ಹಾಗಾದ್ರೆ ನಮ್ಮೋಳೇ" ಎಂದರು ಅತ್ತೆ. ಆ ಶನಿವಾರ ಗಾರ್ಡನ್ ಸ್ಟೋರಿಗೆ ಹೊರಟೇಬಿಟ್ಟೆವು. ಸೀರೆ, ಸ್ವೆಟರ್, ಬಿಳಿ ಸ್ನೀಕರ್ಸ್ ಹಾಕಿದ ಅತ್ತೆ ಸಾಲುಸಾಲು ಗುಲಾಬಿಗಳನ್ನು ಕಣ್ಣೆತ್ತಿಯೂ ನೋಡದೆ, ಪ್ಲಾಸ್ಟಿಕ್ ಮುಚ್ಚಳದಡಿ ಕೆಂಪು ಬಾಯಿ ತೆರೆದು ಕೂತಿದ್ದ ಗಿಡವನ್ನು ಎತ್ತಿಕೊಂಡು ಕೌಂಟರಿಗೆ ನಡೆದರು.

ಗಿಡ ಬಂತು, ಆದರೆ ಅದರ ಆಹಾರಕ್ಕೆ ಮನೆಯಲ್ಲಿ ಪ್ರವೇಶವಿರಲಿಲ್ಲ. "ಹೊರಗೆ ಏನಾದ್ರೂ ತಿಂದ್ಕೊಂಡಿರಲಿ, ಈ ಮನೆಗೆ ಬಂದ ಮೇಲೆ ಈ ಮನೆ ಊಟ" ಎಂದು ಅತ್ತೆ ತೀರ್ಮಾನ ಕೊಟ್ಟರು. ಮೂವತ್ತು ವರ್ಷದ ಹಿಂದೆ ಕೊಡಗಿನಿಂದ ಬಂದ ನನಗೂ ಇದೇ ಮಾತು ಹೇಳಿದ್ದರು, ಹಾಗಾಗಿ ಆ ಗಿಡದ ಮೇಲೆ ನನಗೆ ತಕ್ಷಣ ಒಂದು ಬಗೆಯ ಅಕ್ಕರೆ ಹುಟ್ಟಿತು. ಮೊದಲು ನೆನೆಸಿದ ಹೆಸರುಬೇಳೆ. ಗಿಡ ಬಾಯಿ ಮುಚ್ಚಿತು, ಮರುದಿನ ತೆರೆದಾಗ ಬೇಳೆ ಹಾಗೇ ಇತ್ತು. ಆಮೇಲೆ ಪನೀರು. ಅದಕ್ಕೆ ಗಟ್ಟಿಯಾಗಿ ಮುಚ್ಚಿಕೊಂಡಿತು. ಅತ್ತೆ ಗೆದ್ದವರಂತೆ ಓಡಾಡಿದರು. ವಾರ ಕಳೆಯುವಷ್ಟರಲ್ಲಿ ಆ ಎಲೆ ಕಪ್ಪಗಾಗಿ ಕೊಳೆತು ಬಿತ್ತು. ಪನೀರು ಜೀರ್ಣವಾಗಲಿಲ್ಲವೆಂದು ಶುಂಠಿ ಕಷಾಯ ಹಾಕಲು ಹೊರಟವರನ್ನು ನಾನು ಕೈ ಹಿಡಿದು ನಿಲ್ಲಿಸಿದೆ.

ಕಡೆಗೆ ಅವರೇ ಒಂದು ದಾರಿ ಕಂಡುಕೊಂಡರು. ಗಿಡವನ್ನು ಹಗಲು ಹೊತ್ತು ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ ಇಡುವುದು. ಅಲ್ಲಿ ಅದು ಏನು ತಿನ್ನುತ್ತದೋ ನಾವು ಕೇಳಬಾರದು, ಅದೂ ಹೇಳಬಾರದು. ನನ್ನ ವಿಷಯದಲ್ಲೂ ಕಾಲಕ್ರಮೇಣ ಇದೇ ಏರ್ಪಾಡಾಗಿತ್ತು.

ಆ ಡೆಕ್ಕಿನ ಕಟಕಟೆಯ ಮೇಲೆ ಅತ್ತೆ ದಿನಾ ಊಟಕ್ಕೆ ಮೊದಲು ಒಂದು ತುತ್ತು ಅನ್ನ ಇಡುತ್ತಾರೆ, ಕಾಗೆಗೆ. ಎಡಿಸನ್ನಿನ ಕಾಗೆಗಳಿಗೆ ಈ ಸಂಪ್ರದಾಯ ತಿಳಿಯದ್ದರಿಂದ ಅದನ್ನು ತಿನ್ನುವುದು ಒಂದು ಅಳಿಲು. ನನ್ನ ಗಂಡನಿಗೆ ಇದು ಆಗದು. "ಅಮ್ಮ, ಅನ್ನ ಇಟ್ರೆ ಇಲಿ ಬರ್ತವೆ. ಟೌನ್‌ಶಿಪ್‌ನೋರು ನೋಟಿಸ್ ಕೊಡ್ತಾರೆ" ಎಂದು ಪ್ರತಿ ಶನಿವಾರ, ಭಾನುವಾರ ಹೇಳುತ್ತಾನೆ. "ಕಾಗೆಗಿಟ್ಟಿದ್ದು ಕಣೋ. ಇಲೀನ ಯಾರು ಕರೆದಿದಾರೆ?" ಎಂದು ಅತ್ತೆ ಪ್ರತಿ ಸಲವೂ ಉತ್ತರಿಸುತ್ತಾರೆ.

ಇಲಿಯ ಮಾತಿಗೆ ಅವನು ಸಿಡುಕುವುದಕ್ಕೆ ಕಾರಣವಿತ್ತು. ಅವನ ಕೆಲಸವೇ ಇಲಿಗಳ ಜೊತೆ. ಇಲ್ಲಿನ ಒಂದು ಔಷಧಿ ಕಂಪನಿಯಲ್ಲಿ ಹೊಸ ಮಾತ್ರೆಗಳನ್ನು ಮನುಷ್ಯರಿಗೆ ಕೊಡುವ ಮೊದಲು ಇಲಿಗಳಿಗೆ ಕೊಟ್ಟು ನೋಡುತ್ತಾರಲ್ಲ, ಆ ವಿಭಾಗ. ಅಮ್ಮನಿಗೆ ಮಾತ್ರ "ಮೆಡಿಸಿನ್ ಸೇಫ್ಟಿ" ಎಂದಷ್ಟೇ ಹೇಳಿದ್ದ. ಮುಚ್ಚಿಟ್ಟದ್ದು ನಾಚಿಕೆಯಿಂದಲ್ಲ, ಹೆದರಿಕೆಯಿಂದ. ಹಿಂದಿನ ಚಳಿಗಾಲ ಅತ್ತೆಗೆ ಎದೆಯಲ್ಲಿ ಕಫ ಕಟ್ಟಿತ್ತು. ಡಾಕ್ಟರು ಕೊಟ್ಟ ಕ್ಯಾಪ್ಸೂಲಿನ ಹೊರಗವಚ ದನದ ಮೂಳೆಯಿಂದ ಮಾಡಿದ್ದೆಂದು ದೇವಸ್ಥಾನದಲ್ಲಿ ಯಾರೋ ಆಂಟಿ ಹೇಳಿದ್ದೇ ತಡ, ಯಾರಿಗೂ ತಿಳಿಸದೆ ಅಷ್ಟನ್ನೂ ಕಸದ ಬುಟ್ಟಿಗೆ ಹಾಕಿದರು. ಆಮೇಲೆ ಎಮರ್ಜೆನ್ಸಿಗೆ ಕರೆದುಕೊಂಡು ಓಡಬೇಕಾಯಿತು. ಈಗ ಅವರ ಹೃದಯ ಸರಿಯಾಗಿ ಬಡಿಯುತ್ತಿರುವುದು ಒಂದು ಪುಟ್ಟ ಬಿಳಿ ಮಾತ್ರೆಯಿಂದ. ಇಲಿಯ ಸಮಾಚಾರ ತಿಳಿದರೆ ಅದನ್ನೂ ಬಿಡುತ್ತಾರೆ, ಬಿಟ್ಟರೆ ಅಮ್ಮ ಉಳಿಯುವುದಿಲ್ಲ ಎಂದು ಅವನ ಭಯ. ನನಗೂ ಅದೇ ಭಯ.

ಹೀಗಿರುವಾಗ ಕಾಗದಗಳಲ್ಲಿ ಗಡ್ಡದಜ್ಜ ಗಿಡದಿಂದ ಪ್ರಾಣಿಗೆ ಹಾರಿದ. ಜೀವಂತ ನಾಯಿಗಳನ್ನು ಕುಯ್ದು ಪ್ರಯೋಗ ಮಾಡುವುದು ಸರಿಯೋ ತಪ್ಪೋ ಎಂದು ಆ ಕಾಲದಲ್ಲಿ ದೊಡ್ಡ ಗಲಾಟೆ ನಡೆದಿತ್ತು. ಅಜ್ಜನಿಗೆ ಎರಡೂ ಕಡೆ ಎಳೆತ. ಪ್ರಯೋಗವೇ ಬೇಡವೆಂದರೆ ವಿದ್ಯೆ ನಿಲ್ಲುತ್ತದೆ, ಬೇಕೆಂದರೆ ಆ ಹಿಂಸೆಯನ್ನು ನೆನೆದರೇ ನಿದ್ದೆ ಬರುವುದಿಲ್ಲ. ಗಂಡನಿಗೆ ಇದನ್ನು ಹೇಳಿದೆ. "ಅದನ್ನ ಅಮ್ಮನಿಗೆ ಓದಿ ಹೇಳ್ಬೇಡ. ಅವಳು ಒಂದು ಎಳೆ ಸಿಕ್ರೆ ಇಡೀ ಬಟ್ಟೇನೇ ಬಿಡಿಸಿಹಾಕ್ತಾಳೆ" ಎಂದ.

ಓದದಿದ್ದರೆ ಅತ್ತೆ ಬಿಡುವವರೇ? ಶುಕ್ರವಾರ ಮಧ್ಯಾಹ್ನ ಎಣ್ಣೆಗಾಯಿಗೆಂದು ಓಕ್ ಟ್ರೀ ರೋಡಿನ ಇಂಡಿಯನ್ ಅಂಗಡಿಯಿಂದ ತಂದ ಗುಂಡು ಬದನೆಕಾಯಿಗಳನ್ನು ಮುಂದಿಟ್ಟುಕೊಂಡು ಕೂತು, "ಎಲ್ಲಿಗೆ ಬಂತು ಅಜ್ಜಂದು?" ಎಂದರು. ನನ್ನ ಕಣ್ಣು ಪರದೆಯಲ್ಲಿ ನಾಯಿ ಎನ್ನುವ ಪದದ ಮೇಲಿತ್ತು, ಅಲ್ಲಿಂದ ಅತ್ತೆಯ ಕೈಯಲ್ಲಿದ್ದ ಬದನೆಕಾಯಿಗೆ ಹೋಯಿತು. ಮುಂದಿನದೆಲ್ಲ ತಾನಾಗಿಯೇ ಬಂತು.

"ಅಜ್ಜ ಈಗ ಬದನೆಕಾಯಿ ಬಗ್ಗೆ ಬರೀತಿದಾರೆ ಅತ್ತೆ. ಕೆಲವು ಡಾಕ್ಟರುಗಳು ಬದನೆಕಾಯಿ ಕುಯ್ದು ನೋಡ್ತಾರಂತೆ. ಅದು ಕ್ರೂರ ಅಂತ ಊರಲ್ಲೆಲ್ಲ ಜಗಳ."

ಅತ್ತೆ ಕೈಯಲ್ಲಿದ್ದದ್ದನ್ನು ತಿರುಗಿಸಿ ನೋಡಿದರು. "ಆಮೇಲೆ?"

"ಕುಯ್ಯೋ ಮೊದಲು ಅದಕ್ಕೆ ಮೂರ್ಛೆ ಬರಿಸಬೇಕು ಅಂತ ಪಾರ್ಲಿಮೆಂಟಲ್ಲಿ ಕಾನೂನು ತರ್ತಿದಾರೆ."

"ಬದನೆಕಾಯಿಗೆ."

"ಹೂಂ."

"ಅಜ್ಜ ಏನಂತಾನೆ?"

"ಅದರ ಬಗ್ಗೆ ಇನ್ನು ಬರೆಯಲ್ಲ, ಬರೆದರೆ ರಾತ್ರಿ ನಿದ್ದೆ ಬರಲ್ಲ ಅಂತಾರೆ."

ಅತ್ತೆ ಬದನೆಕಾಯಿಯನ್ನು ತಟ್ಟೆಯಲ್ಲಿಟ್ಟು ಈಳಿಗೆಮಣೆಯನ್ನು ಪಕ್ಕಕ್ಕೆ ಸರಿಸಿದರು. "ಅರವತ್ತು ವರ್ಷದಿಂದ ಹೆಚ್ತಾ ಇದೀನಿ. ಒಂದಕ್ಕೂ ಮೂರ್ಛೆ ಬರಿಸಿಲ್ಲ, ಒಂದು ದಿನಾನೂ ನಿದ್ದೆ ಕೆಟ್ಟಿಲ್ಲ. ನಿನ್ನ ಗಂಡ ವಾರಕ್ಕೆ ನಾಲ್ಕು ದಿನ ರಾತ್ರಿ ಎದ್ದು ಹಜಾರದಲ್ಲಿ ಓಡಾಡ್ತಾನಲ್ಲ, ಅವನೂ ಬದನೆಕಾಯೀನೇ ಕುಯ್ಯೋದಾ?"

ನಾನು ಪರದೆ ಆರಿಸಿದೆ.

"ಬೆಳಗ್ಗೆ ಇಲ್ಲಿ ಚಂದನದ ಸೋಪಲ್ಲಿ ಸ್ನಾನ ಮಾಡಿ ಹೋಗೋನು ಸಂಜೆ ಕೆಲಸದ ಹತ್ರಾನೇ ಇನ್ನೊಂದು ಸ್ನಾನ ಮುಗಿಸಿ ಬೇರೆ ಸೋಪಿನ ವಾಸನೆ ಹೊತ್ತು ಬರ್ತಾನೆ. ಮೊದಲು ಬೇರೆ ಏನೋ ಅಂದ್ಕೊಂಡೆ. ನಿನ್ನ ಮುಖ ನೋಡಿ ಪಾಪ ಅನ್ನಿಸ್ತಿತ್ತು."

ನನಗೆ ನಗು ತಡೆಯಲಾಗಲಿಲ್ಲ. ಅತ್ತೆಗೂ ತುಟಿಯ ಅಂಚಿನವರೆಗೆ ಬಂದಿತ್ತು, ಆದರೆ ನುಂಗಿಕೊಂಡರು. "ನಾಯೀನಾ?" ಎಂದರು.

"ಇಲಿ."

"ನನ್ನ ಮಾತ್ರೇನೂ?"

ಅದಕ್ಕೆ ಬದನೆಕಾಯಿ ಸಿಗಲಿಲ್ಲ. ಹೌದು ಎಂದೆ. ಅತ್ತೆ ಎದ್ದು ಹೋಗಿ ಕೈ ತೊಳೆದುಕೊಂಡರು.

ಸಂಜೆ ಗಂಡ ಬಂದಾಗ ಅತ್ತೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಕಿರುಬೆರಳಿನ ತುದಿಯನ್ನು ಗಿಡದ ಬಾಯಿಗೆ ಕೊಟ್ಟು ಕೂತಿದ್ದರು. ಎಲೆ ಮುಚ್ಚಿಕೊಂಡಿತ್ತು. ಅವನು ಷೂ ಬಿಚ್ಚುವುದನ್ನೂ ಮರೆತು ಒಳಗೆ ಬಂದ.

"ಅಮ್ಮ, ಏನು ಮಾಡ್ತಿದೀಯ?"

"ಪ್ರಯೋಗ. ನಂದೇ ಬೆರಳು, ಯಾರನ್ನೂ ಕೇಳ್ಬೇಕಾಗಿಲ್ಲ." ಅವರು ತಲೆಯೆತ್ತಲಿಲ್ಲ. "ಅವಕ್ಕೆ ನೋವಾಗತ್ತೇನೋ?"

ಅವನು ನನ್ನ ಕಡೆ ನೋಡಿದ. ನಾನು ಬದನೆಕಾಯಿಗಳ ಕಡೆ ನೋಡಿದೆ. ಅವನು ಅಮ್ಮನ ಕಾಲ ಬಳಿ ಕಾರ್ಪೆಟ್ಟಿನ ಮೇಲೆ ಕೂತ.

"ಕೆಲವಕ್ಕೆ ಆಗತ್ತೆ. ಆದಷ್ಟು ಆಗದ ಹಾಗೆ ನೋಡ್ಕೊಳ್ಳೋದೇ ನನ್ನ ಕೆಲಸ. ಪೂರ್ತಿ ತಪ್ಪಿಸೋಕೆ ಆಗಲ್ಲ ಅಮ್ಮ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಮಾತ್ರೆ ಬಿಡ್ತೀಯ ಅಂತ." ಐವತ್ತೈದು ದಾಟಿದ ಮನುಷ್ಯ ಅಮ್ಮನ ಸೆರಗಿನ ತುದಿ ಹಿಡಿದುಕೊಂಡಿದ್ದ. ನನಗೆ ಅವನ ಮೇಲೆ ತುಂಬಾ ಪ್ರೀತಿ ಬಂತು, ಹಾಗೇ ಷೂ ಹಾಕಿಕೊಂಡು ಕಾರ್ಪೆಟ್ಟಿನ ಮೇಲೆ ಕೂತದ್ದಕ್ಕೆ ಸಿಟ್ಟೂ ಬಂತು.

ಅತ್ತೆ ಮೆಲ್ಲಗೆ ಬೆರಳನ್ನು ಬಿಡಿಸಿಕೊಂಡರು. "ಇವತ್ತು ಮಾತ್ರೆ ಬೇಡ. ನಾಳೆ ನೋಡೋಣ" ಎಂದು ಹೇಳಿ ತಮ್ಮ ಕೋಣೆಗೆ ಹೋದರು. ಎಣ್ಣೆಗಾಯಿ ಯಾರಿಗೂ ಸೇರಲಿಲ್ಲ.

ಮರುದಿನ ಬೆಳಗ್ಗೆ ಮಾತ್ರೆಯ ಡಬ್ಬಿಯಲ್ಲಿ ಶುಕ್ರವಾರದ ಬಿಳಿ ಮಾತ್ರೆ ಹಾಗೇ ಇತ್ತು, ಪಕ್ಕದಲ್ಲಿ ಶನಿವಾರದ್ದು. ಗಂಡ ಅಡುಗೆಮನೆಗೆ ಬಂದಾಗಲೆಲ್ಲ ಡಬ್ಬಿಯನ್ನು ನೋಡಿ ಹೋಗುತ್ತಿದ್ದ. ಅತ್ತೆ ಸ್ನಾನ ಮಾಡಿದರು, ಪೂಜೆ ಮಾಡಿದರು, ಸಾರಿಗೆ ಒಗ್ಗರಣೆ ಹಾಕಿದರು. ಡಬ್ಬಿಯ ಸುದ್ದಿಗೆ ಹೋಗಲಿಲ್ಲ.

ಊಟದ ಹೊತ್ತಿಗೆ ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿದರು. ಎಂದಿನಂತೆ ಒಂದು ಉಂಡೆ ಕಟ್ಟಿದರು. ಆಮೇಲೆ ಇನ್ನೊಂದು ಕಟ್ಟಿದರು, ಮೊದಲಿನದಕ್ಕಿಂತ ಸ್ವಲ್ಪ ದೊಡ್ಡದು. ಡೆಕ್ಕಿಗೆ ಹೋಗಿ ಒಂದನ್ನು ಕಟಕಟೆಯ ಮೇಲೆ, ಇನ್ನೊಂದನ್ನು ಕೆಳಗೆ ಮೆಟ್ಟಿಲ ಮೂಲೆಯಲ್ಲಿ ಇಟ್ಟರು.

"ಅಮ್ಮ, ಕೆಳಗಿಟ್ರೆ ಇಲಿ..." ಎಂದು ಗಂಡ ಅಭ್ಯಾಸಬಲದಿಂದ ಶುರು ಮಾಡಿ, ನಡುವೆ ನಿಂತುಬಿಟ್ಟ.

"ಬರಲಿ. ಅದು ಅವಕ್ಕೇ ಇಟ್ಟಿರೋದು" ಎಂದರು ಅತ್ತೆ. "ಏನೂ ಕೊಡದೆ ನಾನು ಹೇಗೋ ತಗೊಳ್ಳಲಿ?"

ಒಳಗೆ ಬಂದು ಊಟ ಮಾಡಿದರು. ಆಮೇಲೆ ಡಬ್ಬಿಯಲ್ಲಿ ಶನಿವಾರದ ಖಾನೆಯನ್ನು ತೆರೆದು, ಮಾತ್ರೆಯನ್ನು ಅಂಗೈಯಲ್ಲಿಟ್ಟು ಒಂದು ಗಳಿಗೆ ನೋಡಿ, ಬಾಯಿಗೆ ಹಾಕಿ ನೀರು ಕುಡಿದರು.

ಗಂಡ ಗಾಜಿನ ಬಾಗಿಲಿನ ಬಳಿ ನಮಗೆ ಬೆನ್ನು ಹಾಕಿ ನಿಂತಿದ್ದ. ಅಷ್ಟರಲ್ಲಿ ಅಳಿಲು ಬಂತು. ಕಟಕಟೆಯ ಮೇಲಿನ ಉಂಡೆ ಮುಗಿಸಿ, ಕೈ ಒರೆಸಿಕೊಂಡು, ಮೆಟ್ಟಿಲ ಕಡೆ ಇಳಿಯತೊಡಗಿತು. ಇಷ್ಟು ವರ್ಷ ಟೌನ್‌ಶಿಪ್ಪಿನ ನೋಟಿಸಿಗೆ ಹೆದರಿದ್ದ ನನ್ನ ಗಂಡ ಬಾಗಿಲು ಸರಿಸಿ ಬರಿಗಾಲಲ್ಲಿ ಹೊರಗೆ ಓಡಿದ. "ಏಯ್, ಅದು ನಿಂದಲ್ಲ, ಹೋಗು" ಎಂದು ಚಪ್ಪಾಳೆ ತಟ್ಟಿ ಅಳಿಲನ್ನು ಓಡಿಸಿ, ಮೆಟ್ಟಿಲ ಮೇಲೆ ಆ ಉಂಡೆಯ ಪಕ್ಕದಲ್ಲಿ ಕಾವಲು ಕೂತ.